ಸೇರಿಸಿಕೊಳ್ಳುವ ಮುಂಚೆ ಗ್ರಾಮಸಭೆಯಲ್ಲಿ ಕೇಳಿದ್ರಾ?

ನಮಸ್ಕಾರ ಸ್ನೇಹಿತರೇ. ಇವತ್ತು ಅಡಿಕೆ ರೇಟಿನ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ವಾರಕ್ಕಿರಲಿ. ದಾವಣಗೆರೆ ನಗರಕ್ಕೆ ಸೇರಿಸಿಕೊಂಡ ಸುತ್ತಲಿನ ಹಳ್ಳಿಗಳ ಬಗ್ಗೆ ಹೋದ ವಿಡಿಯೊಗೆ ಬಂದ ಒಂದು ಕಮೆಂಟು ಎರಡು ದಿನದಿಂದ ತಲೆಯಲ್ಲೇ ಕೂತಿದೆ. "ಅಣ್ಣಾ, ದಾವಣಗೆರೆಗೆ ಸೇರಿದ್ದೇ ಆ ಹಳ್ಳಿಗಳ ಪುಣ್ಯ. ಇಲ್ಲಾಂದ್ರೆ ಇನ್ನೂ ಸಗಣಿ ಬಾಚ್ತಾ ಇರೋರು" ಅಂತ.

ತಮ್ಮಾ, ಸಗಣಿ ಬಾಚುವುದು ಅವಮಾನದ ಕೆಲಸ ಅಂತ ನಿನಗೆ ಹೇಳಿದ್ದು ಯಾರು? ನೀನು ಬೆಳಿಗ್ಗೆ ತಿನ್ನುವ ದೋಸೆಗೆ ಬೆಣ್ಣೆ ಬರುವುದು ಕೊಟ್ಟಿಗೆಯಿಂದಲೇ ಅಲ್ವಾ?

ನನ್ನ ಪ್ರಶ್ನೆ ಒಂದೇ. ಒಂದು ಹಳ್ಳಿಯನ್ನು ನಗರಕ್ಕೆ ಸೇರಿಸುವ ಮುಂಚೆ ಆ ಊರಿನ ಗ್ರಾಮಸಭೆ ಕೂರಿಸಿ ಜನರನ್ನು ಕೇಳಬೇಕೋ ಬೇಡವೋ?

ಪುಣ್ಯದ ಲೆಕ್ಕ ಮೊದಲು ಮುಗಿಸೋಣ. ಹಳೆಯ ಗೆಜೆಟಿಯರ್ ತೆಗೆದು ನೋಡಿ. ದಾವಣಗೆರೆ ಮೊದಲು ಬೇತೂರಿಗೆ ಅಂಟಿಕೊಂಡಿದ್ದ ಸಣ್ಣ ಊರು. ದೊಡ್ಡ ಹೆಸರು ಇದ್ದದ್ದು ಬೇತೂರಿಗೆ. ಹೈದರಾಲಿ ದಾವಣಗೆರೆಯನ್ನು ಒಬ್ಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆ ಸರದಾರ ವ್ಯಾಪಾರಿಗಳನ್ನು ಕರೆಸಿ ಕೂರಿಸಿದ. ಪೇಟೆ ಬೆಳೆಯಿತು. 1870ರಲ್ಲಿ ಪುರಸಭೆ ಆಯಿತು. ಆಮೇಲೆ ಹತ್ತಿ ಮಿಲ್ಲುಗಳು ಬಂದವು, ಊರು ರೈಲು ಹಳಿ ದಾಟಿ ಹರಡಿತು. 2007ರಲ್ಲಿ ಮಹಾನಗರ ಪಾಲಿಕೆ. ಈಗ ನಮ್ಮ ಮಕ್ಕಳಿಗೆ ಬೇತೂರು ಅಂದ್ರೆ ಒಂದು ರಸ್ತೆಯ ಹೆಸರು, ಅಷ್ಟೇ.

ನಿಟುವಳ್ಳಿ, ಆವರಗೆರೆ, ಶಾಮನೂರು, ಹಳೇ ಕುಂದವಾಡ. ಇವೆಲ್ಲ ತಮ್ಮದೇ ಹೊಲ, ಗುಡಿ, ಜಾತ್ರೆ ಇದ್ದ ಊರುಗಳು. ಭದ್ರಾ ನಾಲೆ ನೀರಿನಲ್ಲಿ ಭತ್ತ ಬೆಳೆದ ಸೀಮೆ ಇದು. ನಗರದ ನಲ್ಲಿಗೆ ನೀರು ಕೊಡುವ ಕೆರೆಗೆ ಕುಂದವಾಡದ ಹೆಸರೇ ಇದೆ. ಈಗ ಹೇಳು ತಮ್ಮಾ, ಯಾರಿಂದ ಯಾರಿಗೆ ಪುಣ್ಯ?

ಕಾನೂನಿನ ದಾರಿ ಹೀಗಿದೆ. ಸರ್ಕಾರ ರಾಜ್ಯಪತ್ರದಲ್ಲಿ ಕರಡು ಅಧಿಸೂಚನೆ ಹೊರಡಿಸುತ್ತದೆ. ಆಕ್ಷೇಪಣೆ ಇದ್ದವರು ಗಡುವಿನೊಳಗೆ ಬರೆದು ಕೊಡಬೇಕು. ಹೊಲಕ್ಕೆ ನೀರು ಕಟ್ಟುವವರು ರಾಜ್ಯಪತ್ರ ಓದಿಕೊಂಡು ಕೂತಿರುತ್ತಾರಾ? ಅಗಸೆ ಬಾಗಿಲಲ್ಲಿ ತಮಟೆ ಬಾರಿಸಿ ಹೇಳಿ. ಗ್ರಾಮಸಭೆ ಕರೆಯಿರಿ. ಕೇಳಿ.

ಈಗ ಕಳೆದುಹೋಗುವುದು ಏನು ಅಂತ ನೋಡಿ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದಲ್ಲಿ ಸುಮಾರು 4 ಲಕ್ಷ 35 ಸಾವಿರ ಜನ. ವಾರ್ಡುಗಳು 45. ಅಂದ್ರೆ ಒಬ್ಬ ಕಾರ್ಪೊರೇಟರಿಗೆ ಹೆಚ್ಚು ಕಡಿಮೆ 9,600 ಜನ. 400 ಎಲ್ಲಿ, 9,600 ಎಲ್ಲಿ! ನಮ್ಮಜ್ಜಿಯ ಊರು ನಗರಕ್ಕೆ ಸೇರುವ ಮುಂಚೆ ಪಂಚಾಯಿತಿ ಮೆಂಬರ್ ಮನೆ ಮೂರು ಬಾಗಿಲು ಆಚೆ ಇತ್ತು. ನಲ್ಲಿ ನಿಂತರೆ ಅಜ್ಜಿ ಕಟ್ಟೆ ಮೇಲೆ ಕೂತೇ ಕೂಗಿ ಕರೆಯುತ್ತಿದ್ದಳು. ಮೆಂಬರ್ ಊಟ ಬಿಟ್ಟು ಎದ್ದು ಬರುತ್ತಿದ್ದ. ಈಗ ಅಜ್ಜಿಗೆ ತನ್ನ ವಾರ್ಡಿನ ನಂಬರೂ ಗೊತ್ತಿಲ್ಲ. ಉದ್ಯೋಗ ಖಾತ್ರಿ ಕೆಲಸ ಹಳ್ಳಿಯವರಿಗೆ ಮಾತ್ರ, ಹಾಗಾಗಿ ಅವಳ ಜಾಬ್ ಕಾರ್ಡೂ ಪೆಟ್ಟಿಗೆಯ ತಳ ಸೇರಿತು. ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗಲೇಬೇಕು ಅಂತ ನಿಯಮ ಇತ್ತು. ಆ ಸಭೆಯೇ ಇಲ್ಲ ಈಗ. ಅಜ್ಜಿ ಎಲ್ಲಿ ನಿಂತು ಮಾತಾಡಬೇಕು?

"ಸೈಟಿನ ರೇಟು ಏರಿತಲ್ಲ" ಅನ್ನುತ್ತೀರಿ. ಏರಿತು. ಮಾರುವವನಿಗೆ ತಾನೇ ಅದರ ಲಾಭ? ಉಳುಮೆ ಮಾಡಿಕೊಂಡು ಇರ್ತೀನಿ ಅನ್ನುವವನಿಗೆ ಆ ರೇಟು ಏನು ಉಪ್ಪಿನಕಾಯಿಗೆ ಬರುತ್ತಾ? "ಒಳಚರಂಡಿ ಬರುತ್ತೆ, ಬೀದಿದೀಪ ಬರುತ್ತೆ." ಬರಲಿ ಸ್ವಾಮಿ, ದೀಪ ಹಾಕುವುದಕ್ಕೆ ಊರನ್ನೇ ಬರೆಸಿಕೊಳ್ಳಬೇಕಾ? "ನಗರ ಬೆಳೆಯಲೇಬೇಕು." ಬೆಳೆಯಲಿ! ನಾನೂ ಇದೇ ಊರಿನವನು, ಬೇಡ ಅಂದೆನಾ? ಕೇಳಿ ಬೆಳೆಯಲಿ.

ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ನಾವು ಚಿತ್ರದುರ್ಗದಿಂದ ಬೇರೆಯಾದೆವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಜನ ಹೋರಾಟ ಮಾಡಿದರು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋದರು. ಈಗ ವಿಜಯನಗರ ಜಿಲ್ಲೆಯಲ್ಲಿದ್ದಾರೆ. ಜಿಲ್ಲೆಯ ಗೆರೆ ಅಳಿಸಿ ಬರೆಯಬಹುದು. ಗದ್ದೆ ಮೇಲೆ ಡಾಂಬರು ಬಿದ್ದ ಮೇಲೆ ಯಾವ ಹೋರಾಟ ಮಾಡಿ ಆ ಗದ್ದೆ ವಾಪಸ್ ತರುತ್ತೀರಿ? ಅದಕ್ಕೇ ಮೊದಲೇ ಕೇಳಿ ಅಂತ ಬಡಕೊಳ್ಳೋದು!

ಒಂದು ನಿಮಿಷ. ಚಾನೆಲ್ ಸಬ್‌ಸ್ಕ್ರೈಬ್ ಮಾಡದೇ ಇರುವವರು ಈಗಲೇ ಮಾಡಿ, ಗಂಟೆ ಗುರುತೂ ಒತ್ತಿ. ಕುಂದವಾಡ ಕೆರೆಯ ಏರಿ ಮೇಲೆ ಬೆಳಗಿನ ಜಾವ ಒಂದು ವಿಡಿಯೊ ಮಾಡಿದ್ದೇನೆ, ನೋಡಿ. ಹಕ್ಕಿಗಳ ಸದ್ದು ಬಹಳ ಚೆನ್ನಾಗಿ ಬಂದಿದೆ.

ಇನ್ನೂ ಏನೇನೋ ಬರೆದುಕೊಂಡು ಬಂದಿದ್ದೆ. ಕಂದಾಯದ ಲೆಕ್ಕ, ಖಾತೆಯ ಲೆಕ್ಕ. ಬೇಡ ಬಿಡಿ. ಮನೆಗೆ ಸೊಸೆ ತರುವಾಗಲೂ ಹುಡುಗಿಯನ್ನು ಒಂದು ಮಾತು ಕೇಳುತ್ತೀವಿ. ಇಡೀ ಊರನ್ನು ತರುವಾಗ ಕೇಳಬಾರದಾ? ಒಂದು ಮಾತು! ಚಾಪೆ ಹಾಸಿ, ಮೈಕು ಹಿಡಿದು, ಬನ್ನಿ ಅಕ್ಕಾ, ಬನ್ನಿ ಯಜಮಾನ್ರೇ, ನಿಮಗೇನನ್ನಿಸುತ್ತೆ ಅಂತ ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ನಿಮ್ಮ ಊರು ಯಾವ ವರ್ಷ ನಗರಕ್ಕೆ ಸೇರಿತು, ಆಗ ಗ್ರಾಮಸಭೆ ಆಗಿತ್ತಾ, ಮನೆಯ ಹಿರಿಯರನ್ನು ಕೇಳಿ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ. ತಮ್ಮಾ, ನೀನೂ ಬರಿ, ನಿಮ್ಮಜ್ಜನ ಊರು ಯಾವುದು ಅಂತ. ಮುಂದಿನ ವಾರ ಅಡಿಕೆ. ಬರ್ತೀನಿ.