ಫೈಲು ಕಳಿಸಬೇಡಿ, ಲಿಂಕ್ ಕಳಿಸಿ

ಕೇಳುಗರಿಗೆ ನಮಸ್ಕಾರ.

ನಾಲ್ಕೈದು ಜನರನ್ನು ಕಟ್ಟಿಕೊಂಡು ಸಣ್ಣ ವ್ಯಾಪಾರ ನಡೆಸುತ್ತಿರುವವರ ಜೊತೆ ಇವತ್ತು ನನ್ನ ಮಾತು. ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ದರಪಟ್ಟಿ ಈಗ ಎಲ್ಲಿದೆ? ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ, ಇನ್ನೊಂದು ಇಮೇಲಿನಲ್ಲಿ, ಮತ್ತೊಂದು ವಾಟ್ಸಾಪ್‌ನಲ್ಲಿ, ಅಲ್ವಾ? ಮೂರರಲ್ಲಿ ಸರಿಯಾದದ್ದು ಯಾವುದು ಅಂತ ಹುಡುಕುವುದರಲ್ಲೇ ಅರ್ಧ ಬೆಳಗ್ಗೆ ಹೋಗುತ್ತದೆ.

ಅದಕ್ಕೇ ಹೇಳುತ್ತೇನೆ, ಫೈಲು ಕಳಿಸಬೇಡಿ, ಲಿಂಕ್ ಕಳಿಸಿ. ಫೈಲು ಕಳಿಸಿದಾಗಲೆಲ್ಲ ಹೊಸದೊಂದು ಪ್ರತಿ ಹುಟ್ಟುತ್ತದೆ. ಫೈಲನ್ನು ಇಂಟರ್ನೆಟ್ಟಿನಲ್ಲಿಟ್ಟು ಅದರ ಲಿಂಕ್ ಕಳಿಸಿದರೆ ಎಲ್ಲರೂ ಒಂದೇ ಫೈಲಿಗೆ ಬರುತ್ತಾರೆ. ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ 365, ಜೋಹೊ, ಯಾವುದಾದರೂ ಆಗಲಿ, ಮಾಡುವ ಕೆಲಸ ಇದೇ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪರಿಚಯದವರದ್ದೊಂದು ಸಣ್ಣ ಮುದ್ರಣಾಲಯ. ಒಂದು ಸಂಸ್ಥೆಯ ಕಿರುಹೊತ್ತಿಗೆ ಅಚ್ಚಾಗಬೇಕಿತ್ತು. ಮಾಲೀಕರು ಬರಹವನ್ನು ಕರಡು ತಿದ್ದುವವರಿಗೂ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುವ ಹುಡುಗನಿಗೂ ಇಮೇಲ್ ಮಾಡಿದರು. ಮಧ್ಯಾಹ್ನ ಗ್ರಾಹಕರ ಫೋನ್ ಬಂತು, ನಮ್ಮ ದೂರವಾಣಿ ಸಂಖ್ಯೆ ಬದಲಾಗಿದೆ ಅಂತ. ಮಾಲೀಕರು ತಮ್ಮ ಪ್ರತಿಯಲ್ಲಿ ಸಂಖ್ಯೆ ತಿದ್ದಿ ಡಿಟಿಪಿ ಹುಡುಗನಿಗೆ ಮತ್ತೆ ಕಳಿಸಿದರು. ಸಂಜೆಗೆ ಕರಡು ತಿದ್ದುವವರ ಫೈಲು ಬಂತು. ಕಾಗುಣಿತ, ವಾಕ್ಯ ಎಲ್ಲ ಅಚ್ಚುಕಟ್ಟು. ಆದರೆ ಸಂಖ್ಯೆ ಹಳೆಯದು. ಕೊನೆಗೆ ಬಂದದ್ದೇ ಸರಿಯಾದ ಫೈಲು ಅಂದುಕೊಂಡು ಹುಡುಗ ಅದರಲ್ಲೇ ಪುಟ ಕಟ್ಟಿದ.

1000 ಪ್ರತಿ ಅಚ್ಚಾಗಿ ಬಂದವು. ಮರುದಿನ ಬೆಳಗ್ಗೆ ಕೊಡಬೇಕು. ಹೊಸ ಸಂಖ್ಯೆಯ ಚೀಟಿ ಕತ್ತರಿಸಿ, ಒಂದೊಂದಕ್ಕೂ ಅಂಟಿಸುತ್ತಾ ರಾತ್ರಿಯಿಡೀ ಕೂತರು. ನಾನೂ ಕೂತೆ. ಆ ಹುಡುಗನ ಮುಖ ನೋಡಲಾಗಲಿಲ್ಲ. ಅವನದ್ದೇನು ತಪ್ಪು? ಮೂವರೂ ತಮ್ಮ ತಮ್ಮ ಪ್ರತಿಯಲ್ಲಿ ಸರಿಯಾಗಿಯೇ ಕೆಲಸ ಮಾಡಿದ್ದರು. ಪ್ರತಿಗಳೇ ಮೂರಾಗಿದ್ದವು!

ಮುಂದಿನ ವಾರ ಮೂವರನ್ನೂ ಒಂದೇ ಫೈಲಿಗೆ ತಂದೆ. ಮಾಲೀಕರಿಗೆ ಭಯ. "ನಾನು ಬರೆದದ್ದನ್ನು ಯಾರಾದರೂ ಅಳಿಸಿಬಿಟ್ಟರೆ ಏನು ಗತಿ ಸಾರ್?" ಒಂದು ಪ್ಯಾರಾ ಬೇಕಂತಲೇ ಅಳಿಸಿ, ಬದಲಾವಣೆಗಳ ಇತಿಹಾಸ ತೆರೆದು ತೋರಿಸಿದೆ. ಯಾರು, ಯಾವಾಗ, ಏನು ತಿದ್ದಿದರು ಎಲ್ಲ ಅಲ್ಲಿತ್ತು. ಹಳೆಯ ಪ್ಯಾರಾ ವಾಪಸ್ ಬಂತು. ಅವರ ಭಯ ಅಲ್ಲಿಗೆ ಮುಗಿಯಿತು.

ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತು, ಸುಮಾರು 50 ಕಿಲೋಮೀಟರ್ ದೂರದ ಪ್ರಯೋಗಾಲಯದಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಆವತ್ತು ಅದಕ್ಕೆ ಒಂದು ಪ್ರಯೋಗಾಲಯವೇ ಬೇಕಾಗಿತ್ತು. ಈಗ ನಿಮ್ಮ ಜೇಬಿನ ಫೋನ್ ಸಾಕು. "ನಮಗೆ ಇದೆಲ್ಲ ಬರೋಲ್ಲ" ಅನ್ನಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಲು ಬರುತ್ತದಲ್ಲ? ಇದೂ ಬರುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಕೆಲಸ ಹಂಚಲು ಟ್ರೆಲೊ ಥರದ, ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡಬಹುದಾದ ಹಲಗೆಗಳಿವೆ. ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು, ಮೂರೇ ಸಾಲು. "ಅದು ಎಲ್ಲಿಗೆ ಬಂತು?" ಅಂತ ಸುಮ್ನೆ ಫೋನ್ ಮಾಡುವುದು ತಪ್ಪುತ್ತದೆ.

ಫೈಲನ್ನು ಕೆಲಸಗಾರರ ಸ್ವಂತ ಖಾತೆಯಲ್ಲಿ ತೆರೆಯಬೇಡಿ, ವ್ಯಾಪಾರದ ಖಾತೆಯಲ್ಲೇ ತೆರೆಯಿರಿ. ಅವರು ಕೆಲಸ ಬಿಟ್ಟರೂ ಫೈಲು ನಿಮ್ಮಲ್ಲೇ ಉಳಿಯುತ್ತದೆ. ನೋಡಿದರೆ ಸಾಕು ಅನ್ನುವವರಿಗೆ ನೋಡುವ ಅನುಮತಿ ಮಾತ್ರ ಕೊಡಿ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ, ಅಂದರೆ ಪಾಸ್ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್ ಥರದ ಇನ್ನೊಂದು ಗುರುತನ್ನೂ ಕೇಳುವಂತೆ ಮಾಡಿ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಹೋಗಬೇಡಿ. ಇವತ್ತು ದರಪಟ್ಟಿ ಒಂದನ್ನು ಮಾತ್ರ ಇಂಟರ್ನೆಟ್ಟಿಗೆ ಹಾಕಿ. ಹಳೆಯ ಪ್ರತಿಗಳನ್ನೆಲ್ಲ ಒಂದು ಫೋಲ್ಡರಿಗೆ ಸೇರಿಸಿ, ‘ಹಳೆಯದು, ಮುಟ್ಟಬೇಡಿ’ ಅಂತ ಹೆಸರಿಡಿ. ನಾಳೆ ಯಾರಾದರೂ "ದರಪಟ್ಟಿ ಕಳಿಸಿ" ಅಂದರೆ ಲಿಂಕ್ ಕಳಿಸಿ.

ನಮಸ್ಕಾರ.