ಅಪ್ಪ ಗೆದ್ದ ಬೆಲ್ಟು, ಮಗ ಮನೆಗೇ ತಂದ ಬೆಲ್ಟು

ನಮಸ್ಕಾರ. ಇವತ್ತು ಒಂದು ಬೆಲ್ಟಿನ ಕಥೆ ಹೇಳ್ಬೇಕು ನಿಮ್ಗೆ. ಸೊಂಟಕ್ಕೆ ಕಟ್ಟೋ ಬೆಲ್ಟೇ, ಕೆಂಪು ಮೊರೊಕ್ಕೊ ಚರ್ಮದ್ದು, ಮುಂದೆ ಬೆಳ್ಳಿ ಬಕಲ್ಲು. ಗಾಲ್ಫಲ್ಲಿ ಈಗ ದಿ ಓಪನ್ ಅನ್ನೋ ಟೂರ್ನಿಮೆಂಟ್ ಇದ್ಯಲ್ಲ, ಅದರ ಮೊದಲನೇ ಬಹುಮಾನ ಇದೇ, ದುಡ್ಡುಗಿಡ್ಡು ಏನೂ ಇರ್ಲಿಲ್ಲ.

1860ರ ಅಕ್ಟೋಬರ್ 17, ಸ್ಕಾಟ್ಲೆಂಡಿನ ಕಡಲತೀರದ ಊರು ಪ್ರೆಸ್ಟ್‌ವಿಕ್. ಆಡೋಕೆ ಬಂದೋರು ಎಂಟೇ ಜನ. ಆಗಿನ ಕಾಲಕ್ಕೆ ಪ್ರೊಫೆಷನಲ್ ಅಂದ್ರೆ ಸಾಹುಕಾರರ ಕೋಲು ಹೊರೋರು, ಚೆಂಡು ಮಾಡೋರು, ಹುಲ್ಲು ನೋಡ್ಕೊಳ್ಳೋರು ಅಷ್ಟೇ. 12 ಹೋಲಿನ (ಒಂದು ಹೋಲಂದ್ರೆ ಚೆಂಡು ಹೊಡೆಯೋ ಜಾಗದಿಂದ ಗುಂಡಿವರೆಗಿನ ದಾರಿ) ಮೈದಾನಾನ ಒಂದೇ ದಿನದಲ್ಲಿ ಮೂರು ಸುತ್ತು ಹಾಕಿ ವಿಲ್ಲಿ ಪಾರ್ಕ್ 174 ಹೊಡೆತಕ್ಕೆ ಮುಗಿಸಿದ್ರು, ಟಾಮ್ ಮಾರಿಸ್ ಎರಡೇ ಹೊಡೆತ ಜಾಸ್ತಿ ಹೊಡೆದು ಸೋತ್ರು, ಅದೂ ತಾವೇ ರೂಪಿಸಿದ ಮೈದಾನದಲ್ಲಿ!

ಆಮೇಲೆ ಟಾಮ್ ನಾಲ್ಕು ಸಲ ಗೆದ್ರು ಬಿಡಿ. ಕೊನೇ ಸಲ, 1867ರಲ್ಲಿ, ವಯಸ್ಸು 46, ಅಷ್ಟು ವಯಸ್ಸಲ್ಲಿ ಓಪನ್ ಗೆದ್ದೋರು ಇವತ್ತಿಗೂ ಇನ್ನೊಬ್ರಿಲ್ಲ. ಮರುವರ್ಷ ಬೆಲ್ಟು ಹೋಗಿದ್ದು ಯಾರಿಗೆ? ಅವರ ಮಗನಿಗೇ. ಅವನ ಹೆಸರೂ ಟಾಮ್, ವಯಸ್ಸು ಬರೀ 17, ಅಪ್ಪ ಎರಡನೇ ಸ್ಥಾನ. ನಂಗೆ ಇಡೀ ಗಾಲ್ಫ್ ಚರಿತ್ರೆಯಲ್ಲಿ ಇದಕ್ಕಿಂತ ಚೆಂದದ್ದು ಯಾವ್ದೂ ಕಾಣ್ಸಲ್ಲ.

ಸತತ ಮೂರು ವರ್ಷ ಗೆದ್ದೋರಿಗೆ ಬೆಲ್ಟು ಸ್ವಂತ ಅಂತ ರೂಲ್ಸ್ ಇತ್ತು, ಹುಡುಗ 68, 69, 70 ಮೂರೂ ವರ್ಷ ಗೆದ್ದು ಮನೆಗೆ ತಂದುಬಿಟ್ಟ. 1870ರಲ್ಲಂತೂ 578 ಗಜದ ಮೊದಲನೇ ಹೋಲನ್ನ ಮೂರೇ ಹೊಡೆತಕ್ಕೆ ಮುಗಿಸಿದ, ಮರದ ಕೋಲು, ಗಟ್ಟಾಪರ್ಚಾ ಅನ್ನೋ ಮರದ ಅಂಟಿನ ಚೆಂಡಿನ ಕಾಲದಲ್ಲಿ! ಕೊಡೋಕೆ ಬೆಲ್ಟೇ ಇಲ್ವಲ್ಲ, 1871ರಲ್ಲಿ ಟೂರ್ನಿಮೆಂಟೇ ನಡೀಲಿಲ್ಲ. ಮುಂದಿನ ವರ್ಷ ಮೂರು ಕ್ಲಬ್ಬು ಸೇರಿ 30 ಪೌಂಡಿಗೆ ಬೆಳ್ಳಿಯ ಕ್ಲಾರೆಟ್ ಜಗ್, ಅಂದ್ರೆ ವೈನ್ ಬಡಿಸೋ ಹೂಜಿ, ಮಾಡಿಸೋಣ ಅಂದ್ರು, ಆಟ ಮುಗಿದ್ರೂ ಜಗ್ ರೆಡಿ ಇಲ್ಲ, ಗೆದ್ದಿದ್ದು ಮತ್ತೆ ಇವನೇ, ಒಂದು ಮೆಡಲ್ ಕೊಟ್ಟು ಕಳಿಸಿದ್ರು.

1875ರ ಸೆಪ್ಟೆಂಬರಲ್ಲಿ ಅಪ್ಪ ಮಗ ಜೋಡಿಯಾಗಿ ನಾರ್ತ್ ಬೆರಿಕ್ ಅನ್ನೋ ಊರಲ್ಲಿ ಪಾರ್ಕ್ ಅಣ್ಣತಮ್ಮಂದಿರ ಮೇಲೆ ಆಡ್ತಾ ಇದ್ದಾಗ ಟೆಲಿಗ್ರಾಂ ಬಂತು, ಹೆರಿಗೆ ನೋವಲ್ಲಿರೋ ಮಗನ ಹೆಂಡತಿಗೆ ತುಂಬಾ ಸೀರಿಯಸ್ ಅಂತ. ದೋಣಿ ಹತ್ತಿ ಕೊಲ್ಲಿ ದಾಟಿ ಮನೆ ಮುಟ್ಟೋಷ್ಟರಲ್ಲಿ ತಾಯಿ ಮಗು ಎರಡೂ ಹೋಗಿತ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಅವನೂ ತೀರಿಕೊಂಡ, 24 ವರ್ಷಕ್ಕೆ.

ಅಪ್ಪ ಮಾತ್ರ ಎಪ್ಪತ್ತು ದಾಟಿದ ಮೇಲೂ ಓಪನ್‌ನಲ್ಲಿ ಆಡಿದ್ರು. ಈಗಲೂ ಪ್ರತಿ ವರ್ಷ ಗೆದ್ದೋರು ಆ ಜಗ್ಗಿನ ನಕಲನ್ನ ಎತ್ತಿ ಹಿಡೀತಾರಲ್ಲ, ಅದರ ಮೇಲೆ ಕೆತ್ತಿರೋ ಮೊದಲನೇ ಹೆಸರು ಆ ಹುಡುಗನದ್ದೇ. ಗೆದ್ದ ದಿನ ಜಗ್ ಅವನ ಕೈಗೆ ಸಿಗ್ಲೇ ಇಲ್ಲ.