ಕಾಣೆಯಾದ ಪೂರ್ವಜನೂ ಪಿಂಚಣಿ ಕೇಳಿದ ಹೆಂಡತಿಯೂ

ಕೇಳುಗರೇ, ನಮಸ್ಕಾರ.

ಅಮೆರಿಕದ ಕುಟುಂಬಗಳ ವಂಶಾವಳಿ ಹುಡುಕುವವರಿಗೆ ಮತ್ತೆ ಮತ್ತೆ ಎದುರಾಗುವ ತೊಡಕು ಒಂದಿದೆ. 1860ರ ಜನಗಣತಿಯಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು ಒಂದೇ ಸೂರಿನಡಿ ಇದ್ದಾರೆ. 1870ರ ಪುಟ ತೆರೆದರೆ ಹೆಂಡತಿ ಮತ್ತು ಮಕ್ಕಳು ಮಾತ್ರ. ಆತ 1861ರಿಂದ 1865ರವರೆಗೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ ಸತ್ತನೋ, ಕಾಯಿಲೆ ಬಿದ್ದು ಹೋದನೋ, ಮನೆ ಬಿಟ್ಟು ಪಶ್ಚಿಮದ ಕಡೆ ನಡೆದುಬಿಟ್ಟನೋ, ಆ ಪುಟ ಹೇಳುವುದಿಲ್ಲ. ಸಾವಿನ ಕಡ್ಡಾಯ ನೋಂದಣಿ ಆಗಿನ್ನೂ ಬಹುಪಾಲು ರಾಜ್ಯಗಳಲ್ಲಿ ಇರಲಿಲ್ಲ. ಹೀಗೆ ಎರಡು ಗಣತಿಗಳ ನಡುವೆ ಮರೆಯಾದವನ ಜಾಡು ಹಿಡಿಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ಕಾಣೆಯಾದವನ ಹೆಸರನ್ನೇ ಹಿಡಿದು ಹುಡುಕುವವರು ಹೆಚ್ಚಾಗಿ ನಡುದಾರಿಯಲ್ಲಿ ನಿಂತುಬಿಡುತ್ತಾರೆ. ಆತನ ಹೆಸರಿನಲ್ಲಿ ಸರ್ಕಾರದ ಹತ್ತಿರ ಹಣ ಕೇಳಿದವರು ಯಾರು ಎಂದು ಹುಡುಕಿದರೆ ದಾರಿ ತೆರೆಯುತ್ತದೆ. ಹೋದವನು ತನ್ನ ಬಗ್ಗೆ ಒಂದು ಸಾಲನ್ನೂ ಬಿಡದೆ ಹೋಗಿರಬಹುದು. ಹಿಂದೆ ಉಳಿದ ಹೆಂಡತಿ, ಮಕ್ಕಳು, ಮುದಿ ತಾಯಿ ಬದುಕಬೇಕಿತ್ತು. ಅವರು ಅರ್ಜಿ ಹಾಕಿದರು, ಸಾಕ್ಷಿ ತಂದರು, ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಆ ಕಾಗದಗಳು ಇವತ್ತಿಗೂ ಇವೆ.

ಆದರೂ ಶುರು ಮಾಡಬೇಕಾದ್ದು ಜನಗಣತಿಯಿಂದಲೇ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಎಣಿಕೆ ನಡೆದಿದೆ. ಯಾವ ವರ್ಷದ ಗಣತಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ತಿಳಿದಿರಲಿ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಬರೆದರು. ಉಳಿದವರೆಲ್ಲ ವಯಸ್ಸಿನ ಕಲಮುಗಳಲ್ಲಿ ಬರೀ ಸಂಖ್ಯೆ. 1850ರಿಂದ ಸ್ವತಂತ್ರರಾಗಿದ್ದ ಎಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಸಿಗುತ್ತವೆ. ಗುಲಾಮಗಿರಿಯಲ್ಲಿದ್ದವರನ್ನು 1850 ಮತ್ತು 1860ರಲ್ಲಿ ಬೇರೆ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ಬಹುತೇಕ ಹೆಸರೇ ಇಲ್ಲದೆ ವಯಸ್ಸು, ಲಿಂಗ, ಬಣ್ಣ ಇಷ್ಟನ್ನೇ ಬರೆದು ಮುಗಿಸಿದರು. ಅವರ ಹೆಸರುಗಳು ಎಲ್ಲರ ಹೆಸರಿನ ಜೊತೆ ಬಂದದ್ದು 1870ರಲ್ಲಿ. 1880ರಲ್ಲಿ ಯಜಮಾನನಿಗೆ ಇವರು ಏನಾಗಬೇಕು ಎಂಬ ಕಲಮು, ತಂದೆತಾಯಿ ಹುಟ್ಟಿದ ಜಾಗದ ಕಲಮು ಸೇರಿದವು. 1900ರ ಗಣತಿ ಇನ್ನೂ ಉದಾರಿ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ವೈಯಕ್ತಿಕ ವಿವರಗಳಿಗೆ 72 ವರ್ಷ ಬೀಗವಿರುತ್ತದೆ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು, 1960ರದ್ದು 2032ರಲ್ಲಿ ತೆರೆಯುತ್ತದೆ.

ಇಲ್ಲಿ ಎಡವುವ ಜಾಗಗಳಿವೆ. 1850, 1860, 1870ರ ಗಣತಿಗಳಲ್ಲಿ ಸಂಬಂಧದ ಕಲಮೇ ಇಲ್ಲ. ಮನೆಯಲ್ಲಿರುವ ಮಗು ಮಗನೋ, ಅಣ್ಣನ ಮಗನೋ, ಕೆಲಸಕ್ಕಿಟ್ಟುಕೊಂಡ ಅನಾಥನೋ ಗೊತ್ತಾಗುವುದಿಲ್ಲ. ಎಷ್ಟೋ ವಂಶವೃಕ್ಷಗಳಿಗೆ ಬೇರೆಯವರ ಕೊಂಬೆ ಸೇರಿಕೊಂಡಿರುವುದು ಇಲ್ಲೇ.

ಎರಡನೆಯದು ದಿನಾಂಕ. 1850, 1860, 1870, 1880ರ ಗಣತಿಗಳ ಅಧಿಕೃತ ದಿನ ಜೂನ್ 1. ಗಣತಿದಾರ ಆಗಸ್ಟ್‌ನಲ್ಲಿ ಬಾಗಿಲು ತಟ್ಟಿದರೂ ಜೂನ್ 1ರಂದು ಮನೆಯಲ್ಲಿ ಯಾರಿದ್ದರೋ ಅವರನ್ನೇ ಬರೆಯಬೇಕಿತ್ತು. ಹಾಗಾಗಿ ಜೂನ್ 20ರಂದು ಸತ್ತವನು ಆಗಸ್ಟ್‌ನ ಪುಟದಲ್ಲಿ ಬದುಕಿರುವವನಂತೆಯೇ ಇರುತ್ತಾನೆ, ಅದು ತಪ್ಪಲ್ಲ. ಅದೇ ವರ್ಷಗಳಲ್ಲಿ ಗಣತಿಗೆ ಹಿಂದಿನ 12 ತಿಂಗಳಲ್ಲಿ ಸತ್ತವರ ಪ್ರತ್ಯೇಕ ಪಟ್ಟಿಯನ್ನೂ ಮಾಡಿದರು. ನಿಮ್ಮವನು 1869ರ ಜೂನ್‌ನಿಂದ 1870ರ ಮೇ ಕೊನೆಯೊಳಗೆ ಸತ್ತಿದ್ದರೆ, ಸತ್ತ ತಿಂಗಳು ಮತ್ತು ಕಾರಣದ ಸಮೇತ ಅಲ್ಲಿ ಸಿಗಬಹುದು. ಈ ಪಟ್ಟಿಯನ್ನು ನೋಡದೆ ಮುಂದೆ ಹೋಗಬೇಡಿ.

ಮೂರನೆಯದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕಾಗುತ್ತದೆ. ಹೆಂಗಸೊಬ್ಬಳ ಮುಂದೆ ವಿಧವೆ ಎಂದು ಬರೆದಿದ್ದರೆ ಗಂಡ ಸತ್ತಿದ್ದಾನೆ ಎಂದು ತೀರ್ಮಾನಿಸಬೇಡಿ. ಗಂಡ ಬಿಟ್ಟುಹೋದ ಹೆಂಗಸರು, ವಿಚ್ಛೇದನವಾದವರು, ನೆರೆಯವರ ಬಾಯಿಗೆ ಸಿಕ್ಕದೆ ಮಾನವಾಗಿ ಬಾಳಲು ಗಣತಿದಾರನಿಗೆ ವಿಧವೆ ಎಂದೇ ಹೇಳುತ್ತಿದ್ದರು. ಆ ಒಂದು ಅಕ್ಷರವನ್ನು ನಂಬಿ ಹುಡುಕಾಟ ನಿಲ್ಲಿಸಿದರೆ, ಬೇರೆ ರಾಜ್ಯದಲ್ಲಿ ಇನ್ನೂ 30 ವರ್ಷ ಬದುಕಿದ್ದ ಮನುಷ್ಯನನ್ನು ನೀವೇ ಹೂತಂತಾಗುತ್ತದೆ.

ಹೆಸರಿನ ಕಾಗುಣಿತದ ಕಾಟ ಎಲ್ಲರಿಗೂ ಗೊತ್ತು. ಅದಕ್ಕೆಂದೇ ಸೌಂಡೆಕ್ಸ್ ಎಂಬ ಪದ್ಧತಿ ಬಂತು: ಮನೆತನದ ಹೆಸರಿನ ಮೊದಲ ಅಕ್ಷರ, ಆಮೇಲೆ ಉಳಿದ ವ್ಯಂಜನಗಳ ಉಚ್ಚಾರಕ್ಕೆ ಮೂರು ಅಂಕಿ. ಸ್ಮಿತ್ ಮತ್ತು ಜರ್ಮನ್ ಮೂಲದ ಶ್ಮಿಟ್ ಎರಡಕ್ಕೂ ಎಸ್ 530 ಎಂಬ ಒಂದೇ ಸಂಕೇತ. ಆದರೆ ಮೊದಲ ಅಕ್ಷರವನ್ನೇ ತಪ್ಪಾಗಿ ಓದಿದ್ದರೆ ಸೌಂಡೆಕ್ಸ್ ಕೈಕೊಡುತ್ತದೆ. ಹಳೆಯ ಕೈಬರಹದಲ್ಲಿ ಎಲ್ ಮತ್ತು ಎಸ್, ಟಿ ಮತ್ತು ಎಫ್, ಐ ಮತ್ತು ಜೆ ಒಂದರಂತೆ ಇನ್ನೊಂದು ಕಾಣುತ್ತವೆ. ಆಗ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಸ್ವಂತ ಹೆಸರು, ಹುಟ್ಟಿದ ರಾಜ್ಯ, ಐದು ವರ್ಷ ಆಚೀಚೆ ವಯಸ್ಸು, ಕೌಂಟಿ ಎಂಬ ಅಲ್ಲಿನ ಜಿಲ್ಲೆ ಇಷ್ಟನ್ನೇ ಕೊಟ್ಟು ಹುಡುಕಿ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಇದನ್ನು ಹಣ ಕೊಡದೆ ಮಾಡಬಹುದು. ಹಾಗೂ ಸಿಗದಿದ್ದರೆ ಹುಡುಕುವ ಯಂತ್ರವನ್ನು ಬಿಟ್ಟು, ಆ ಊರಿನ ಪುಟಗಳನ್ನು ಒಂದೊಂದಾಗಿ ಓದಿ. ಹಿಂದಿನ ಗಣತಿಯ ನೆರೆಹೊರೆಯವರು ಎಲ್ಲಿದ್ದಾರೋ ಅಲ್ಲೇ ಸುತ್ತಮುತ್ತ ನಿಮ್ಮವರೂ ಇರುತ್ತಾರೆ.

ಇನ್ನು 1890. ಈ ಗಣತಿಯ ಕಾಗದಗಳು ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ 1921ರ ಜನವರಿ 10ರಂದು ಬೆಂಕಿಗೂ ನೀರಿಗೂ ಸಿಕ್ಕವು. ಅಳಿದುಳಿದದ್ದನ್ನು 1930ರ ದಶಕದಲ್ಲಿ ಸರ್ಕಾರವೇ ವಿಲೇವಾರಿ ಮಾಡಿತು. ಕೋಟಿಗಟ್ಟಲೆ ಜನರಲ್ಲಿ ಇವತ್ತು ಉಳಿದಿರುವುದು ಆರು ಸಾವಿರ ಚಿಲ್ಲರೆ ಹೆಸರುಗಳು. 1880ರಿಂದ 1900ರವರೆಗೆ 20 ವರ್ಷಗಳ ಕತ್ತಲೆ ಹುಟ್ಟಿದ್ದು ಹೀಗೆ, ಬಹಳ ಜನ ಕಳೆದುಹೋಗುವುದೂ ಈ ಕತ್ತಲೆಯಲ್ಲೇ. ಆದರೆ ಅದೇ 1890ರಲ್ಲಿ ಒಕ್ಕೂಟದ, ಅಂದರೆ ಉತ್ತರದ, ಪರ ಹೋರಾಡಿದ ಮಾಜಿ ಸೈನಿಕರು ಮತ್ತು ಅವರ ವಿಧವೆಯರ ವಿಶೇಷ ಪಟ್ಟಿಯನ್ನೂ ಮಾಡಿದ್ದರು. ಅದರಲ್ಲಿ ಇಂಗ್ಲಿಷ್ ಅಕಾರಾದಿಯಂತೆ ಕೆಂಟಕಿಯ ಸುಮಾರು ಅರ್ಧದಿಂದ ವಯೋಮಿಂಗ್‌ವರೆಗಿನ ರಾಜ್ಯಗಳದ್ದು ಉಳಿದಿದೆ. ಒಹಾಯೊ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾದವರಿಗೆ ಅದೃಷ್ಟ. ಇಲಿನಾಯ್, ಇಂಡಿಯಾನಾದವರಿಗೆ ಹೆಚ್ಚೇನೂ ಇಲ್ಲ. ರೆಜಿಮೆಂಟ್, ಅದರೊಳಗಿನ ಕಂಪನಿ ಎಂಬ ತುಕಡಿ, ಸೇರಿದ ದಿನ, ಬಿಟ್ಟ ದಿನ, ಅಂಚೆ ವಿಳಾಸ, ಅಂಗವೈಕಲ್ಯ ಎಲ್ಲವೂ ಅಲ್ಲಿವೆ. ದಕ್ಷಿಣದ ಕಾನ್ಫೆಡರೇಟ್ ಸೈನಿಕರನ್ನೂ ಕೆಲವು ಗಣತಿದಾರರು ತಿಳಿಯದೆ ಬರೆದುಬಿಟ್ಟರು. ಆಮೇಲೆ ಆ ಸಾಲುಗಳನ್ನು ಹೊಡೆದುಹಾಕಿದರೂ ಗೆರೆಯ ಕೆಳಗಿನ ಹೆಸರನ್ನು ಓದಬಹುದು. 1910ರ ಗಣತಿಯಲ್ಲೂ ಒಂದು ಕಲಮಿದೆ: ಯು.ಎ. ಎಂದಿದ್ದರೆ ಒಕ್ಕೂಟದ ಸೈನ್ಯ, ಸಿ.ಎ. ಎಂದಿದ್ದರೆ ಕಾನ್ಫೆಡರೇಟ್ ಸೈನ್ಯ.

ಸೈನಿಕ ಎಂಬ ಸುಳಿವು ಸಿಕ್ಕಿತೆಂದರೆ ಪಿಂಚಣಿಯ ಬಾಗಿಲಿಗೆ ಬಂದಿರಿ ಎಂದರ್ಥ.

1862ರ ಜುಲೈ 14ರ ಕಾನೂನು ಯುದ್ಧದಲ್ಲಿ ಅಂಗವಿಕಲನಾದವನಿಗೂ, ಯುದ್ಧದ ಕಾರಣದಿಂದ ಸತ್ತವನ ವಿಧವೆಗೂ ಪಿಂಚಣಿ ಕೊಟ್ಟಿತು. ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. ಹೆಂಡತಿ ಮಕ್ಕಳು ಇಲ್ಲದವನಾದರೆ ಅವನ ದುಡಿಮೆಯನ್ನೇ ನಂಬಿದ್ದ ತಾಯಿಗೆ ಹಕ್ಕು. ದುಡಿಮೆಯನ್ನು ನಂಬಿದ್ದೆ ಎಂದು ತೋರಿಸಲು ತಾಯಂದಿರು ಮಗ ಬರೆದ ಕಾಗದಗಳನ್ನೇ ಅರ್ಜಿಗೆ ಲಗತ್ತಿಸಿದರು, ಮದುವೆ ಮತ್ತು ಹುಟ್ಟಿನ ದಿನಾಂಕ ತೋರಿಸಲು ಕೆಲವರು ಮನೆಯ ಬೈಬಲ್‌ನ ಹಾಳೆಯನ್ನೇ ಹರಿದು ಕಳಿಸಿದರು. ಅವು ಮನೆಗೆ ಮರಳಲಿಲ್ಲ, ಕಡತದಲ್ಲೇ ಉಳಿದವು. 1890ರ ಜೂನ್ 27ರ ಕಾನೂನು ಬಾಗಿಲನ್ನು ಇನ್ನೂ ಅಗಲ ಮಾಡಿತು: 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದವನಿಗೆ ಈಗಿನ ಅಂಗವೈಕಲ್ಯ ಯುದ್ಧದಿಂದಲೇ ಬಂದಿರಬೇಕೆಂದಿಲ್ಲ. 1890ರವರೆಗೆ ಏನೂ ಕೇಳದವರು ಆಮೇಲೆ ಸಾಲುಸಾಲಾಗಿ ಅರ್ಜಿ ಹಾಕಿದ್ದು ಅದಕ್ಕೇ.

ಈ ಕಡತಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮೊದಲು ನೋಡಬೇಕಾದ್ದು ಸೂಚಿ ಕಾರ್ಡು. ಸೈನಿಕನ ಹೆಸರಿನ ಸೂಚಿಗೆ ಪತ್ರಾಗಾರದ ಮೈಕ್ರೋಫಿಲ್ಮ್ ಸಂಖ್ಯೆ ಟಿ 288, ರೆಜಿಮೆಂಟ್ ಮತ್ತು ಕಂಪನಿಯ ಸೂಚಿಗೆ ಟಿ 289. ಎರಡನೆಯದು ಹೆಸರು ಕೆಟ್ಟಿದ್ದಾಗ ಕೈಹಿಡಿಯುತ್ತದೆ, ಏಕೆಂದರೆ ಒಂದು ಕಂಪನಿಯ ಜನರನ್ನು ಪೂರ್ತಿ ಓದಿಬಿಡಬಹುದು. ಕಾರ್ಡು ಚಿಕ್ಕದು, ಆದರೆ ಓದಲು ಬಂದರೆ ಅರ್ಧ ಕತೆ ಅಲ್ಲೇ ಮುಗಿಯುತ್ತದೆ. ಇನ್‌ವ್ಯಾಲಿಡ್ ಎಂಬ ಸಾಲು ಸೈನಿಕ ಸ್ವತಃ ಹಾಕಿದ ಅರ್ಜಿಯದು. ಅದರ ಮುಂದೆ 1884 ಎಂದಿದ್ದರೆ, 1870ರಲ್ಲಿ ಕಾಣೆಯಾದವನು 1884ರಲ್ಲಿ ಬದುಕಿದ್ದ! ಪಕ್ಕದ ಕಲಮಿನಲ್ಲಿ ಯಾವ ರಾಜ್ಯದಿಂದ ಅರ್ಜಿ ಹಾಕಿದ ಎಂದೂ ಇರುತ್ತದೆ. ಬರೀ ವಿಧವೆಯ ಸಾಲಿದ್ದು ಅದು 1860ರ ದಶಕದ್ದಾದರೆ, ಆತ ಬಹುಶಃ ಯುದ್ಧದಿಂದ ಮರಳಲೇ ಇಲ್ಲ. ಅಪ್ರಾಪ್ತ ಮಕ್ಕಳ ಸಾಲಿದ್ದರೆ ವಿಧವೆ ಸತ್ತಿದ್ದಾಳೆ ಅಥವಾ ಮರುಮದುವೆಯಾಗಿದ್ದಾಳೆ. ಮರುಮದುವೆಯಾದರೆ ಅವಳ ಪಿಂಚಣಿ ನಿಂತು ಮಕ್ಕಳಿಗೆ ಹೋಗುತ್ತಿತ್ತು, ಮುಂದಿನ ಗಣತಿಯಲ್ಲಿ ಅವಳನ್ನು ಹೊಸ ಮನೆತನದ ಹೆಸರಿನಲ್ಲಿ ಹುಡುಕಬೇಕು. ಅರ್ಜಿ ಸಂಖ್ಯೆ ಇದ್ದು ಪ್ರಮಾಣಪತ್ರದ ಸಂಖ್ಯೆ ಇಲ್ಲದಿದ್ದರೆ ಪಿಂಚಣಿ ಮಂಜೂರಾಗಲಿಲ್ಲ ಎಂದರ್ಥ. ಅಂಥ ಕಡತವನ್ನು ಬಿಡಬೇಡಿ. ಸುಲಭವಾಗಿ ಮಂಜೂರಾದ ಅರ್ಜಿಗೆ ಕಾಗದ ಕಡಿಮೆ. ತಿರಸ್ಕಾರವಾಗಿ ವರ್ಷಗಟ್ಟಲೆ ಜಗಳವಾಡಿದ ಅರ್ಜಿಯಲ್ಲಿ ಇಡೀ ಊರೇ ಮಾತಾಡಿರುತ್ತದೆ.

ಇಬ್ಬರು ವಿಧವೆಯರು ಒಬ್ಬನೇ ಗಂಡನ ಪಿಂಚಣಿ ಕೇಳಿದಾಗಲಂತೂ ಪಿಂಚಣಿ ಇಲಾಖೆ ವಿಶೇಷ ತನಿಖಾಧಿಕಾರಿಯನ್ನು ಕಳಿಸುತ್ತಿತ್ತು. ಆತ ಹೆಂಡತಿಯರು, ಅಣ್ಣತಮ್ಮಂದಿರು, ಜೊತೆಯ ಸಿಪಾಯಿಗಳು, ಸೂಲಗಿತ್ತಿ ಎಲ್ಲರನ್ನೂ ಕೂರಿಸಿ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಳ್ಳುತ್ತಿದ್ದ. ಬೇರೆ ಹೆಸರಿನಲ್ಲಿ ಸೈನ್ಯ ಸೇರಿದವನು ನಿಜವಾಗಿ ಯಾರು ಎಂಬುದೂ, ಗುಲಾಮಗಿರಿಯಿಂದ ಬಂದು ಕರಿಯ ಸೈನಿಕರ ರೆಜಿಮೆಂಟ್ ಸೇರಿದವನ ಹಳೆಯ ಒಡೆಯ ಯಾರು, ತಾಯಿ ಯಾರು ಎಂಬುದೂ ಹೀಗೆಯೇ ಬರಹಕ್ಕೆ ಇಳಿದವು. ಬೇರೆ ಯಾವ ಸರ್ಕಾರಿ ಕಾಗದದಲ್ಲೂ ಆ ಜನರ ಸ್ವಂತ ಮಾತು ಇಷ್ಟು ವಿವರವಾಗಿ ಸಿಗುವುದು ಅಪರೂಪ. ಈ ಕಡತಗಳಿಗೆ ಬೆಲೆ ಕಟ್ಟಲಾಗದು ಎಂದು ನಾನು ಹೇಳುವುದು ಇದಕ್ಕೇ.

ಗಂಡ ಬಿಟ್ಟುಹೋದವರಿಗೆ 1899ರ ಮಾರ್ಚ್ 3ರ ಕಾನೂನು ನೆರವಾಯಿತು. ಆರು ತಿಂಗಳಿಗಿಂತ ಹೆಚ್ಚು ಕಾಲ ಹೆಂಡತಿಯನ್ನು ತೊರೆದ ಪಿಂಚಣಿದಾರನ ಅರ್ಧ ಪಿಂಚಣಿಯನ್ನು, ಬಡತನದಲ್ಲಿದ್ದರೆ, ಆಕೆ ಕೇಳಬಹುದಾಗಿತ್ತು. ಇನ್ನೊಂದು ಕಾಗದ: 1898ರಲ್ಲಿ ಇಲಾಖೆ ಪಿಂಚಣಿದಾರರಿಗೆ ಒಂದು ಪ್ರಶ್ನಾವಳಿ ಕಳಿಸಿತು. ಹೆಂಡತಿಯ ತವರಿನ ಹೆಸರೇನು, ಮದುವೆ ಎಲ್ಲಿ, ಯಾವಾಗ, ಯಾರು ಮಾಡಿಸಿದರು, ಮೊದಲೊಂದು ಮದುವೆ ಆಗಿತ್ತೇ, ಬದುಕಿರುವ ಮಕ್ಕಳ ಹೆಸರು ಮತ್ತು ಹುಟ್ಟಿದ ದಿನ. 1915ರಲ್ಲಿ ಮತ್ತೆ ಇಂಥದ್ದೇ ಬಂತು. ಹೊಸ ಸಂಸಾರ ಕಟ್ಟಿಕೊಂಡವನು ಮೊದಲ ಹೆಂಡತಿಯ ಬಗ್ಗೆ ಏನು ಬರೆದ, ಏನು ಬರೆಯದೆ ಬಿಟ್ಟ ಎಂಬುದನ್ನು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ದಕ್ಷಿಣದ ಸೈನಿಕರಿಗೆ ಈ ದಾರಿ ಇಲ್ಲ. ಅವರಿಗೆ ಕೇಂದ್ರ ಸರ್ಕಾರ ಪಿಂಚಣಿ ಕೊಡಲಿಲ್ಲ, ದಕ್ಷಿಣದ ರಾಜ್ಯಗಳು ಕೊಟ್ಟವು. ಕಡತ ಆಯಾ ರಾಜ್ಯದ ಪತ್ರಾಗಾರದಲ್ಲಿ ಇರುತ್ತದೆ. ಹೋರಾಡಿದ ರಾಜ್ಯದಲ್ಲಲ್ಲ, ಅರ್ಜಿ ಹಾಕುವಾಗ ವಾಸವಿದ್ದ ರಾಜ್ಯದಲ್ಲಿ ಹುಡುಕಬೇಕು; ಜಾರ್ಜಿಯಾದ ರೆಜಿಮೆಂಟಿನವನು ಟೆಕ್ಸಸ್‌ಗೆ ಹೋಗಿ ನೆಲೆಸಿದ್ದರೆ ಅರ್ಜಿ ಟೆಕ್ಸಸ್‌ನಲ್ಲಿ.

ಪ್ರತಿ ತರಿಸುವಾಗ ಎಚ್ಚರಿಕೆ ಇಷ್ಟು. ಬಹುಪಾಲು ಕಡತಗಳು ಇನ್ನೂ ಕಾಗದದಲ್ಲೇ ಇವೆ, ಅಂತರ್ಜಾಲದಲ್ಲಿ ಕಾಣುವುದು ಅವುಗಳ ಸೂಚಿ ಮಾತ್ರ. ರಾಷ್ಟ್ರೀಯ ಪತ್ರಾಗಾರದ ನಮೂನೆ 85ರಲ್ಲಿ ಸೈನಿಕನ ಹೆಸರು, ರೆಜಿಮೆಂಟ್, ಕಂಪನಿ, ಅರ್ಜಿ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ, ವಿಧವೆಯ ಹೆಸರು ಎಲ್ಲವನ್ನೂ ಕೊಡಿ. ಬರೀ ಹೆಸರು ಕೊಟ್ಟರೆ ಅದೇ ಹೆಸರಿನ ಇನ್ನೊಬ್ಬನ ಕಡತ ಬರುವ ಸಂಭವವಿದೆ. ಆಯ್ದ ಕೆಲವೇ ಹಾಳೆಗಳ ಪೊಟ್ಟಣ ಬೇಡ, ಪೂರ್ತಿ ಕಡತ ಬೇಕು ಎಂದು ಸ್ಪಷ್ಟವಾಗಿ ಕೇಳಿ. ಕಾರ್ಡಿನಲ್ಲಿ ಎಕ್ಸ್‌ಸಿ ಎಂಬ ಗುರುತಿದ್ದರೆ ಕಡತ ಮಾಜಿ ಸೈನಿಕರ ಇಲಾಖೆಯ ವಶಕ್ಕೆ ಹೋಗಿರಬಹುದು, ಅಲ್ಲಿ ಬೇರೆಯಾಗಿ ಕೇಳಬೇಕು.

ಕಡತ ಕೈಗೆ ಬಂದ ಮೇಲೆ ಎಲ್ಲರೂ ಸೈನಿಕನ ಹೆಸರಿರುವ ಹಾಳೆಗಳನ್ನೇ ಓದುತ್ತಾರೆ. ನೀವು ಸಹಿ ಹಾಕಿದ ಸಾಕ್ಷಿಗಳ ಪಟ್ಟಿ ಮಾಡಿ. ನಾನು ಈತನನ್ನು ಹುಡುಗನಾಗಿದ್ದಾಗಿನಿಂದ ಬಲ್ಲೆ ಎಂದು ಪ್ರಮಾಣ ಮಾಡಿದವನು ಸುಮ್ಮನೆ ದಾರಿಹೋಕನಲ್ಲ. ಭಾವನೋ, ಚಿಕ್ಕಪ್ಪನ ಮಗನೋ, ಹುಟ್ಟೂರಿನ ನೆರೆಯವನೋ ಆಗಿರುತ್ತಾನೆ. ಆ ಒಂದೊಂದು ಹೆಸರನ್ನೂ 1850ರ ಗಣತಿಯಲ್ಲಿ ಹುಡುಕಿ, ಸಿಕ್ಕ ಮನೆಯ ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಿ. ನಿಮ್ಮವನ ತಂದೆತಾಯಿಯ ಮನೆ ಸಿಕ್ಕರೆ ಅಲ್ಲೇ ಸಿಗಬೇಕು.

ನಮಸ್ಕಾರ.